ಅತ್ತೆಯ ಬಾಯಿಂದ ತಂದ ಯೀಸ್ಟು

ಶಿವನಿಯಲ್ಲಿದ್ದ ನನ್ನ ಸೋದರತ್ತೆ ಹಲ್ಲು ಸೆಟ್ ಹಾಕಿಸಿಕೊಂಡ ಮೇಲೆ ಅವರ ಬಾಯಲ್ಲಿ ಬಿಳಿ ಮಚ್ಚೆಗಳು ಏಳತೊಡಗಿದವು. ತರೀಕೆರೆಯ ಹಲ್ಲಿನ ಡಾಕ್ಟರು ಯೀಸ್ಟ್ ಸೋಂಕು ಎಂದು ಮುಲಾಮು ಕೊಟ್ಟರು. ಹದಿನೈದು ದಿನ ವಾಸಿ, ಆಮೇಲೆ ಮತ್ತೆ ಅದೇ ಉರಿ. ಸಾರು ನಾಲಿಗೆಗೆ ಸೋಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ನಾನಾಗ ಕಡೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ಅಲ್ಲಿನ ಪುಟ್ಟ ಲ್ಯಾಬಿನಲ್ಲಿ ಪಿಎಚ್‌ಡಿಗಾಗಿ ಇದೇ ಯೀಸ್ಟಿನ ಬೆನ್ನು ಹತ್ತಿದ್ದೆ. ಅದು ಹಲ್ಲು ಸೆಟ್ಟಿನ ಮೇಲೆ ಲೋಳೆಯಂಥ ಪದರ ಕಟ್ಟಿಕೊಂಡು ಒಳಗೆ ಅಡಗಿ ಕೂರುತ್ತದೆ. ಔಷಧಿ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಕಿವಿಗೆ ಕೇಳದ ಶಬ್ದವನ್ನು, ಅಂದರೆ ಅಲ್ಟ್ರಾಸೌಂಡನ್ನು ನೀರಿನಲ್ಲಿ ಹಾಯಿಸಿದರೆ ಆ ಪದರ ಸಡಿಲವಾಗಿ ಔಷಧಿಗೆ ದಾರಿಯಾದೀತೇ ಎಂಬುದು ನನ್ನ ಪ್ರಶ್ನೆ.

ಅತ್ತೆಗೆ ಹೇಳಿದಾಗ ಅವರು ನಕ್ಕುಬಿಟ್ಟರು.

"ಅದು ಬಸುರೀರ ಹೊಟ್ಟೆ ನೋಡೋ ಮಿಷನ್ ಅಲ್ವೇನೇ? ನನ್ ಬಾಯಾಗೆ ಯಾವ್ ಕೂಸೈತೆ ಅಂತ ನೋಡ್ತೀಯಾ?"

"ನಿಮ್ ಬಾಯಿಗೆ ಅಲ್ಲ ಅತ್ತೆ. ಲ್ಯಾಬಲ್ಲಿ ಬೆಳೆಸಿ ನೋಡೋದು, ಅಷ್ಟೇ."

"ತಗಂಡೋಗು ಮತ್ತೆ," ಎಂದು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಬಾಯಿ ತೆರೆದರು. ಹತ್ತಿಯ ಕಡ್ಡಿಯಿಂದ ಒರೆಸಿಕೊಂಡು ಬಂದೆ. ಎರಡೇ ದಿನಕ್ಕೆ ಲ್ಯಾಬಿನ ಗಾಜಿನ ತಟ್ಟೆಯ ತುಂಬ ಕೆನೆಬಣ್ಣದ ಚುಕ್ಕೆಗಳೆದ್ದವು. ಸ್ವಲ್ಪ ತೆಗೆದು ಟ್ಯೂಬಿಗೆ ಹಾಕಿ ಫ್ರೀಜರಿನಲ್ಲಿಟ್ಟೆ.

ಮುಂದಿನ ತಿಂಗಳು, ಒಂದು ಬೆಳಗ್ಗೆ ಹೂ ಬಿಡಿಸುತ್ತಿದ್ದ ಅತ್ತೆ ಅಲ್ಲೇ ಕುಸಿದರು. ಹೃದಯ ನಿಂತುಹೋಗಿತ್ತು. ಅವರ ಹೊಲದಲ್ಲೇ ಮಣ್ಣು ಮಾಡಿ ಬಂದೆವು.

ಕಾರ್ಯವೆಲ್ಲ ಮುಗಿಸಿ ಲ್ಯಾಬಿಗೆ ಹೋದವಳು ಫ್ರೀಜರಿನಿಂದ ಆ ಟ್ಯೂಬು ತೆಗೆದು ಒಂದಿಷ್ಟನ್ನು ಹೊಸ ತಟ್ಟೆಗೆ ಹಚ್ಚಿದೆ. ಯೀಸ್ಟು ಬೆಳೆಯಲು ಮನುಷ್ಯನ ಮೈಯಷ್ಟೇ ಬಿಸಿ ಬೇಕು, ಅದಕ್ಕೊಂದು ಪೆಟ್ಟಿಗೆಯಿದೆ. ಮರುದಿನ ಅದರ ಬಾಗಿಲು ತೆರೆದಾಗ ಬೆಚ್ಚನೆಯ, ಹುಳಿಹಿಟ್ಟಿನಂಥ ಉಸಿರು ಮುಖಕ್ಕೆ ಬಡಿಯಿತು. ತಟ್ಟೆ ತುಂಬಿಹೋಗಿತ್ತು. ಎಷ್ಟೋ ಸಲ ಮೂಸಿದ ವಾಸನೆಯೇ ಆದರೂ ಅಂದು ಬಾಗಿಲು ಹಾಕಿ ಹೊರಗೆ ಹೋಗಿ ನಿಂತೆ.

ಯೀಸ್ಟು ಇನ್ನೂ ಬದುಕಿರುವ ವಿಷಯವನ್ನು ಅತ್ತೆಯ ಗಂಡ, ನನ್ನ ಮಾವನಿಗೆ ಹೇಳಬಾರದಿತ್ತೇನೋ. ಹೇಳಿದೆ.  ಒಂದು ದಿನ ಅವರು ಮಧ್ಯಾಹ್ನದ ರೈಲಿಗೆ ಕಡೂರಿಗೆ ಬಂದೇಬಿಟ್ಟರು.

"ಎಲ್ಲೈತೆ? ತೋರ್ಸು."

ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಗುಂಡು ಗುಂಡು ಕೋಶಗಳು, ಒಂದರ ಪಕ್ಕದಿಂದ ಇನ್ನೊಂದು ಮೊಳೆಯುತ್ತಿದ್ದವು. ಮಾವ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಅವ್ಳು ಹೋಗಿ ಎರಡ್ ತಿಂಗ್ಳಾತು," ಎಂದರು ತಗ್ಗಿದ ದನಿಯಲ್ಲಿ. "ಇದು ಇನ್ನೂ ಮರಿ ಹಾಕ್ತಾ ಐತಲ್ಲೇ."

ಅಂದೇ ಪರೀಕ್ಷೆ ಇಟ್ಟುಕೊಂಡಿದ್ದೆ. ಹಲ್ಲು ಸೆಟ್ಟಿನದೇ ಪ್ಲಾಸ್ಟಿಕ್ ಚೂರುಗಳ ಮೇಲೆ ಯೀಸ್ಟಿನ ಪದರ ಬೆಳೆಸಿದ್ದೆ. ಕೆಲವಕ್ಕೆ ಔಷಧಿ ಮಾತ್ರ, ಕೆಲವಕ್ಕೆ ಶಬ್ದ ಮಾತ್ರ, ಕೆಲವಕ್ಕೆ ಎರಡೂ. ಮಾವ ಹೋಗಲೊಲ್ಲದೆ ಸ್ಟೂಲಿನ ಮೇಲೆ ಕೂತರು. ಸ್ವಿಚ್ ಒತ್ತಿದೆ. ಸ್ಟೀಲಿನ ತೊಟ್ಟಿಯ ನೀರು ಸಣ್ಣಗೆ ನಡುಗಿತು. ಜಗುಲಿಯಲ್ಲಿ ಮಲಗಿದ್ದ ಬೀದಿನಾಯಿ ಧಡಕ್ಕನೆ ಎದ್ದು, ಲ್ಯಾಬಿನ ಬಾಗಿಲನ್ನೇ ನೋಡುತ್ತ ಹಿಂದಿಂದಕ್ಕೆ ಸರಿಯಿತು. ಮಾವ ನನ್ನ ಕೈ ಹಿಡಿದುಕೊಂಡರು.

"ಅದು ಕೂಗ್ತೈತೇನೇ?"

"ಇಲ್ಲ ಮಾವ. ಅದಕ್ಕೆ ಬಾಯಿಲ್ಲ."

ಹೇಳಿದೆನಾದರೂ ಯಂತ್ರ ನಿಲ್ಲುವವರೆಗೆ ನಾನೂ ಕಿವಿಗೊಟ್ಟು ಕೂತಿದ್ದೆ.

ಚೂರುಗಳ ಮೇಲೆ ಉಳಿದದ್ದನ್ನು ಬೇರೆಬೇರೆ ತಟ್ಟೆಗೆ ಹಚ್ಚಿ ಎರಡು ದಿನ ಬಿಟ್ಟು ನೋಡಿದೆ. ಔಷಧಿಯೊಂದನ್ನೇ ಹಾಕಿದ್ದು ಬಹುಪಾಲು ಬದುಕಿತ್ತು. ಶಬ್ದವೊಂದೇ ಸೋಕಿದ್ದೂ ಹಾಗೆಯೇ. ಎರಡೂ ಸೇರಿದ ತಟ್ಟೆ ಮಾತ್ರ ಹೆಚ್ಚುಕಡಿಮೆ ಬರಿದಾಗಿತ್ತು. ಅಂಚಿನಲ್ಲಿ ಮೂರು ಚುಕ್ಕೆ ಉಳಿದಿದ್ದವು. ಫೋನಿನಲ್ಲಿ ಮಾವನಿಗೆ ತಿಳಿಸಿದೆ. ಮೂರು ಉಳಿದದ್ದನ್ನು ಹೇಳಿದಾಗ ಅವರು, "ಸರಿ ಬಿಡು," ಎಂದರು. ಆ ದನಿಯಲ್ಲಿದ್ದದ್ದು ಬೇಸರವೋ ಸಮಾಧಾನವೋ ನನಗೆ ತಿಳಿಯಲಿಲ್ಲ.

ಲ್ಯಾಬಿನಲ್ಲಿ ಗೆದ್ದದ್ದು ರೋಗಿಯ ಬಾಯಿಗೆ ಬರಲು ಇನ್ನೂ ಬಹಳ ದೂರವಿದೆ. ನನಗೆ ಡಿಗ್ರಿ ಬಂತು. ಯೀಸ್ಟು ಸುಲಭಕ್ಕೆ ಸಾಯದ ಗಟ್ಟಿ ತಳಿಯೆಂದು ನನ್ನ ಗೈಡ್ ಅದನ್ನು ಇಟ್ಟುಕೊಂಡರು. ಈಗಲೂ ಹೊಸ ವಿದ್ಯಾರ್ಥಿಗಳು ಅದನ್ನು ಫ್ರೀಜರಿನಿಂದ ತೆಗೆದು, ಸಕ್ಕರೆ ಕೊಟ್ಟು, ಮೈಬಿಸಿಯಲ್ಲಿಟ್ಟು ಎಬ್ಬಿಸುತ್ತಾರೆ. ಅವರ ಪಾಲಿಗೆ ಅದು ಟ್ಯೂಬಿನ ಮೇಲಿನ ಒಂದು ನಂಬರು.