ಕೊನೆಯ ಕಾಳು ಹುಣಸೆ ಬೀಜ

ಜೂನ್ ತಿಂಗಳ ಮೊದಲ ಸೋಮವಾರ, ಮುಂಜಾನೆ ಆರೂವರೆ ಗಂಟೆ. ಅಣ್ಣಿಗೇರಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ನಾನು, ಸೊಸೆ ಸುಜಾತಾ, ಮೊಮ್ಮಗಳು ಸಿಂಚನಾ, ಮೂವರೇ ಇದ್ದೆವು. ಸಿಂಚನಾಳಿಗೆ ಹೊಸ ಶಾಲೆಯ ಮೊದಲ ದಿನ. ಅವಳಿಗೆ ಆಟಿಸಂ ಇದೆಯೆಂದು ಧಾರವಾಡದ ಡಾಕ್ಟರಮ್ಮ ಹೇಳಿ ಒಂದು ವರ್ಷದ ಮೇಲಾಯಿತು. ಈ ಶಾಲೆಯಲ್ಲಿ ಇಂಥ ಮಕ್ಕಳ ಜೊತೆ ಕೂರುವುದಕ್ಕೆಂದೇ ಒಬ್ಬ ಟೀಚರ್ ಇದ್ದಾರೆ. ದಿನದ ಕೆಲಸಗಳನ್ನು ಒಂದಾದ ಮೇಲೊಂದು ತೋರಿಸುವ ಚಿತ್ರದ ಕಾರ್ಡುಗಳನ್ನು ಅವರೇ ಕಳಿಸಿಕೊಟ್ಟಿದ್ದರು. ಒಳ್ಳೆಯ ಕಾರ್ಡುಗಳು. ಆದರೆ ಪಟ್ಟಿಗೆ ಅಂಟಿಕೊಂಡ ಕಾರ್ಡನ್ನು ಕಿತ್ತಾಗ ಚರ್ರೆಂದು ಸದ್ದಾಗುತ್ತದೆ. ಮೊದಲ ಸಲದ ಸದ್ದಿಗೇ ಮಗು ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿತು. "ಅತ್ತಿ, ಬಸ್ ಬರೂ ಹೊತ್ತಾತ್ರಿ. ಈಗೇನ್ ಮಾಡೂದು?" ಎಂದು ಸುಜಾತಾ ಅಳುವ ದನಿಯಲ್ಲಿ ಕೇಳಿದಳು. ನಾನು ಜೋಳದ ಡಬ್ಬಿಯ ಮುಚ್ಚಳ ತೆಗೆದೆ. ಊರಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲದ ಗುಂಡಿ, ಇನ್ನೂ ಮುಚ್ಚದೆ ಉಳಿಸಿಕೊಂಡ ಒಂದು ಮನೆಯಿದೆ; ಅಲ್ಲಿಂದ ತಂದ ಜೋಳ ಅದು. ನೆಲದೊಳಗೆ ವರ್ಷಗಟ್ಟಲೆ ಮಲಗೆದ್ದ ಕಾಳಿಗೆ ಒಂದು ವಾಸನೆ ಇರುತ್ತದೆ: ತುಸು ಹುಳಿ, ತುಸು ಮಣ್ಣು, ಬಿಸಿ ಹೊಟ್ಟಿನದು ಇನ್ನೊಂದಿಷ್ಟು. ಆ ವಾಸನೆ ಮೂಗಿಗೆ ಬಡಿದೊಡನೆ ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ಯಾರೆಂದು ತಿರುಗಿ ನೋಡುವ ಅಗತ್ಯವಿರಲಿಲ್ಲ. ಈರಪ್ಪ ಕಾಕಾ.

ಯಮನೂರಿನ ಹಾದಿಯ ಮೇಲಿದ್ದ ನನ್ನ ತವರುಮನೆ ಈಗಿಲ್ಲ. ನೀವೂ ಅಂಥ ಮನೆ ಕಂಡವರಿರಬೇಕು. ಮಣ್ಣಿನ ಮಾಳಿಗೆ, ಮೊಣಕಾಲೆತ್ತರದ ಹೊಸ್ತಿಲು, ಮಾಳಿಗೆಯ ನಡುವಿನ ಬೆಳಕಿಂಡಿಯಿಂದ ನೆಲಕ್ಕೆ ಇಳಿದು ಹೊತ್ತು ವಾಲಿದ ಹಾಗೆ ಗೋಡೆಯ ಕಡೆ ಸರಿಯುವ ರೊಟ್ಟಿಯಗಲದ ಬಿಸಿಲು. ಬಾಗಿಲ ಬಲಕ್ಕೆ ದನಗಳು, ಎಡಕ್ಕೆ ಪಡಸಾಲೆ. ಆ ಪಡಸಾಲೆಯ ಮೂಲೆಯಲ್ಲಿ ಅಪ್ಪನ ಕಿರಿಯ ತಮ್ಮ ಈರಪ್ಪ ಕಾಕಾನ ಕಂಬಳಿ. ಕಾಕಾ ಬೆಳಿಗ್ಗೆ ಎದ್ದೊಡನೆ ಕಂಬಳಿ ಮಡಚುತ್ತಿದ್ದ, ಎತ್ತುಗಳಿಗೆ ನೀರು ಕುಡಿಸುತ್ತಿದ್ದ, ಕಂದೀಲಿನ ಗಾಜು ಒರೆಸುತ್ತಿದ್ದ. ಈ ಕ್ರಮ ಒಂದು ದಿನವೂ ಹಿಂದುಮುಂದಾದದ್ದು ನಾನು ಕಾಣೆ. ಮಾತು ಕಡಿಮೆ. ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಊರಿನವರು ಅವನನ್ನು ಮಳ್ಳ ಈರ್ಯಾ ಎನ್ನುತ್ತಿದ್ದರು. ಅವನಿಗೆ ಕೇಳಿಸುವ ಹಾಗೆಯೇ ಅನ್ನುತ್ತಿದ್ದರು. ಸಣ್ಣವನಿದ್ದಾಗ ಅವನನ್ನೂ ಶಾಲೆಗೆ ಹಾಕಿದ್ದರಂತೆ. ಪಾಠದ ನಡುವೆ ಎದ್ದೆದ್ದು ಹೋಗಿ ಎಲ್ಲರ ಪಾಟಿಗಳನ್ನು ಸಾಲಾಗಿ ಜೋಡಿಸುತ್ತಿದ್ದನೆಂದು ಆಗಿನ ಮಾಸ್ತರರು ಅವನನ್ನು ಕಂಬಕ್ಕೆ ಕಟ್ಟಿದರು. ಆಮೇಲೆ ಈ ಹೊಸ್ತಿಲು ಇನ್ನೊಮ್ಮೆ ತುಳಿಯಬೇಡವೆಂದು ಹೊರಗೆ ಹಾಕಿದರು. ಇದನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಜೋಳ ಹಸನು ಮಾಡುತ್ತ ನಗೆಯ ಮಾತಿನ ಹಾಗೆ ಹೇಳುತ್ತಿದ್ದಳು. ಹೇಳಿ ಮುಗಿದ ಮೇಲೆ ಹಸನಾದ ಜೋಳವನ್ನೇ ಮತ್ತೆ ಮೊರಕ್ಕೆ ಸುರಿದುಕೊಳ್ಳುತ್ತಿದ್ದಳು.

ನನ್ನನ್ನು ಶಾಲೆಗೆ ಹಾಕಿದ ಮೊದಲ ವಾರವೇ ಕಾಕಾನ ಕತೆ ಮತ್ತೆ ಶುರುವಾದ ಹಾಗಾಯಿತು. ಒಂದೇ ಕೋಣೆಯ ಶಾಲೆ. ಎಲ್ಲ ಇಯತ್ತೆಯವರೂ ಅಲ್ಲಿಯೇ. ಶನಿವಾರ ಸಾರಿಸಿದ ಸಗಣಿಯ ವಾಸನೆ ನನಗೆ ಹಿತವಾಗಿತ್ತು. ಮಗ್ಗಿ ಶುರುವಾಯಿತೆಂದರೆ ಮಾತ್ರ ತಲೆಯೊಳಗೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಮುಂದೆ ಏನಾಗುತ್ತದೆ, ಯಾವಾಗ ಮುಗಿಯುತ್ತದೆ, ಯಾರೂ ಹೇಳುತ್ತಿರಲಿಲ್ಲ. ನಾನು ಕಿವಿ ಮುಚ್ಚಿಕೊಂಡು ಚೀರುತ್ತಿದ್ದೆ, ಇಲ್ಲವೇ ಎದ್ದು ಓಡುತ್ತಿದ್ದೆ. ಹುಡುಗಿಯರು ನನ್ನ ಹಾಗೆಯೇ ಕಿವಿ ಮುಚ್ಚಿಕೊಂಡು ಕುಣಿದು ತೋರಿಸುತ್ತಿದ್ದರು. ಒಂದು ಸಂಜೆ ಮಾಸ್ತರರು ಮನೆಗೆ ಬಂದರು. ಕೆಟ್ಟವರಲ್ಲ, ನನ್ನ ಮೇಲೆ ಒಮ್ಮೆಯೂ ಕೈ ಮಾಡಿದವರಲ್ಲ. ಕೊಟ್ಟ ಚಹಾ ಕುಡಿದು, ಅಪ್ಪನಿಗೆ ಹೇಳಿದರು: "ತಪ್ಪ ತಿಳ್ಕೋಬ್ಯಾಡ್ರಿ ಗೌಡ್ರ. ಕೂಸಿನ್ನ ಮನ್ಯಾಗ ಇಟ್ಕೋರ್ರಿ. ಹಿಂಗ ಆದ್ರ ಈರಪ್ಪನ ಗತೀನ ಆಕ್ಕತಿ."

ಅಪ್ಪ ಖಾಲಿ ಕಪ್ಪನ್ನು ತೆಗೆದು ಬದಿಗಿಟ್ಟ. "ಅಮಾಸಿ ಮಟಾ ನೋಡೂಣ್ರಿ. ಆಗ್ಲಿಲ್ಲಂದ್ರ ಬಿಡಸ್ತೀನಿ," ಎಂದ. ಅವ್ವ ಒಲೆಯ ಮುಂದೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಪಡಸಾಲೆಯ ಮೂಲೆಯಲ್ಲಿ ಕಾಕಾನ ಪಕ್ಕ ನನಗೂ ಒಂದು ಕಂಬಳಿ ಹಾಸಿದ ಹಾಗೆ ಆಗಲೇ ನನ್ನ ಕಣ್ಣಿಗೆ ಕಟ್ಟಿತು. ಕಾಕಾ ಕಂದೀಲು ಹಿಡಿದು ಅಲ್ಲೇ ನಿಂತಿದ್ದ. ಎಂದೂ ತಪ್ಪದವನು ಆ ಸಂಜೆ ಕಂದೀಲನ್ನು ಗೂಟಕ್ಕೆ ಸಿಕ್ಕಿಸುವುದನ್ನು ಮರೆತ.

ಮರುದಿನ ಬೆಳಿಗ್ಗೆ ನನ್ನ ಎದುರಿಗೆ ಕುಳಿತು ಕಾಕಾ ನೆಲದ ಮೇಲೆ ಕಾಳುಗಳನ್ನು ಒಂದರ ಪಕ್ಕ ಒಂದು ಇಟ್ಟ. ಜೋಳ, ಕಡಲೆ, ಹೆಸರು, ಹತ್ತಿಕಾಳು, ಕುಸುಬೆ, ಕೊನೆಗೆ ಹುಣಸೆ ಬೀಜ. ಪಕ್ಕದಲ್ಲಿ ಎರಡು ಕಿಸೆಯ ಒಂದು ಅರಿವೆಯ ಚೀಲ. ನನ್ನ ಮುಖ ನೋಡದೆ, ಕಾಳುಗಳನ್ನು ನೋಡುತ್ತ ಹೇಳಿದ: "ಜ್ವಾಳ ಪ್ರಾರ್ಥನಾ. ಕಡ್ಲಿ ಮಗ್ಗಿ. ಹೆಸರು ಪಾಠ. ಹತ್ತಿಕಾಳು ಬುತ್ತಿ. ಕುಸುಬಿ ಪಾಟಿ ಮ್ಯಾಲಿನ ಬರಿಯೂದು. ಹುಣಸಿಬೀಜ ನಾನು. ಒಂದು ಮುಗೀತಂದ್ರ ಆ ಕಾಳು ಈ ಕಿಸೆದಿಂದ ಆ ಕಿಸೇಕ ಹಾಕು. ಹುಣಸಿಬೀಜ ಉಳಿದ್ರ ಹೊರಗ ಬಾ, ಗಿಡದ ಬುಡಕ ನಾ ಇರ್ತೀನಿ." ಆಮೇಲೆ ಇನ್ನೊಂದು ಕಡಲೆ ಕೊಟ್ಟ. "ಮಗ್ಗಿ ಗದ್ದಲ ಭಾಳ. ಇದನ್ನ ಹಲ್ಲಾಗ ಇಟ್ಟು ಕಡಿ. ಒಳಗಿನ ಸಪ್ಪಳಕ್ಕ ಹೊರಗಿಂದು ಕೇಳೂದಿಲ್ಲ."

ಶಾಲೆಯ ಇಡೀ ದಿನದ ಕ್ರಮ ಕಾಕಾನಿಗೆ ಹೇಗೆ ಗೊತ್ತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನನಗೆ ತಿಳಿದದ್ದು ಶಾಲೆಯಲ್ಲಿ. ಕಿಟಕಿಯಾಚೆ, ಗೋಡೆಯ ಹೊರಗೆ, ಹುಣಸೆ ಗಿಡ. ಅದರ ಬುಡದ ಮಣ್ಣು ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗದಲ್ಲಿ ಗಟ್ಟಿಯಾಗಿ ನುಣುಪಾಗಿತ್ತು. ಎತ್ತಿಗೆ ನೀರು ಕುಡಿಸಿ, ಗಾಜು ಒರೆಸಿದ ಮೇಲೆ ಕಾಕಾ ಎಲ್ಲಿಗೆ ಹೋಗುತ್ತಾನೆಂಬುದು ಆಗ ಗೊತ್ತಾಯಿತು. ಹೊರಗೆ ಹಾಕಿಸಿಕೊಂಡವನು ಶಾಲೆ ಬಿಟ್ಟೇ ಇರಲಿಲ್ಲ. ಅಷ್ಟು ವರ್ಷವೂ ಗೋಡೆಯಾಚೆ ನಿಂತು ಪ್ರಾರ್ಥನೆ ಕೇಳಿದ್ದ, ಮಗ್ಗಿ ಕೇಳಿದ್ದ, ಪಾಠ ಕೇಳಿದ್ದ. ಹೊಸ್ತಿಲು ತುಳಿಯಬೇಡವೆಂದಿದ್ದರಲ್ಲ, ತುಳಿದಿರಲಿಲ್ಲ.

ಕಾಳುಗಳು ನನ್ನನ್ನು ಶಾಲೆಯಲ್ಲಿ ನಿಲ್ಲಿಸಿದವು. ಕಡಲೆ ಕಡಿಯುವುದನ್ನು ಮಾಸ್ತರರು ಹಿಡಿದರು. "ಏನಬೇ, ಮಗ್ಗಿ ಅನ್ನಾಕ ಹಚ್ಚಿದ್ರ ಮೇಯಾಕ ಹತ್ತೀಯಲ್ಲ?" ಹುಡುಗಿಯರೆಲ್ಲ ನಕ್ಕರು. ನಾನು ಬಾಯಲ್ಲಿದ್ದ ಅರ್ಧ ಕಡಲೆಯನ್ನು ಅಂಗೈಗೆ ತೆಗೆದು ತೋರಿಸಿದೆ; ಆಮೇಲೆ ನಿಂತು ಏಳರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದೆ. ಮಾಸ್ತರರು ಎಂಟರ ಮಗ್ಗಿಗೆ ಹೋದರು. ಸಂಜೆ ಹೊರಗೆ ಬಂದು ಹುಣಸೆ ಬೀಜವನ್ನು ಕಾಕಾನ ಕೈಗೆ ಹಾಕಬೇಕು. ಅದು ಅವನ ಕಿಸೆಗೆ ಬಿದ್ದ ಮೇಲೆಯೇ ಅವನು ಮನೆಯ ಕಡೆ ತಿರುಗುತ್ತಿದ್ದ. "ಸಾಲಿ ಬಿಟ್ತು. ಹೋಗೂಣು," ಎನ್ನುತ್ತಿದ್ದ. ದಿನವೂ ಅದೇ ಮಾತು, ಅದೇ ದನಿ.

ಅಮಾವಾಸ್ಯೆಗೆ ಇನ್ನೇನು ಎರಡು ದಿನವಿರುವಾಗ ಎಡವಟ್ಟಾಯಿತು. ಮಾಡಿದವಳು ಆಯಿ. ಮಧ್ಯಾಹ್ನ ಓಣಿಯ ಮುದುಕಿಯರ ಜೊತೆ ಚೌಕಾಬಾರ ಆಡುವುದು ಅವಳ ರೂಢಿ. ಕವಡೆಯ ಹಾಗೆ ಎಸೆಯುವ ಹುಣಸೆ ಬೀಜಗಳಲ್ಲಿ ಒಂದು ಒಡೆದಿತ್ತಂತೆ. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲೇ ಗೂಟಕ್ಕೆ ತೂಗಿಟ್ಟ ನನ್ನ ಕಾಳಿನ ಚೀಲಕ್ಕೆ ಕೈ ಹಾಕಿ ಹುಣಸೆ ಬೀಜ ತೆಗೆದು, ಕಲ್ಲಿಗೆ ಒಂದು ಮಗ್ಗುಲು ತಿಕ್ಕಿ ಬೆಳ್ಳಗೆ ಮಾಡಿಕೊಂಡಿದ್ದಳು. ನನಗೆ ಇದು ಗೊತ್ತಿಲ್ಲ. ಕುಸುಬೆ ಆ ಕಿಸೆಗೆ ಹೋಯಿತು, ಗಂಟೆ ಹೊಡೆಯಿತು, ಈ ಕಿಸೆಯಲ್ಲಿ ಏನೂ ಇಲ್ಲ. ಬೀಜವಿಲ್ಲವೆಂದರೆ ಕಾಕಾ ಬರುವುದಿಲ್ಲ. ಬರುವುದಿಲ್ಲವೆಂದರೆ ದಿನ ಮುಗಿದಿಲ್ಲ. ಮಕ್ಕಳು ಹೋದರು. ನಾನು ಕುಳಿತೇ ಇದ್ದೆ. ಮಾಸ್ತರರು ಎಬ್ಬಿಸಲು ಬಂದಾಗ ಕಂಬ ಅಪ್ಪಿಕೊಂಡು ಚೀರಿದೆ. ಅವರು ಕೈ ಬಿಟ್ಟು ದೂರ ಸರಿದು ನಿಂತರು. ಕಿಟಕಿಯಲ್ಲಿ ಕಾಕಾ ಕಾಣುತ್ತಿದ್ದ. ಅವನು ಬಂದಿದ್ದ, ಆದರೆ ಬೀಜ ಬಂದಿರಲಿಲ್ಲ. ನಾನು ಬರಿದಾದ ಚೀಲವನ್ನು ಮಗುಚಿ ಹಿಡಿದು ತೋರಿಸಿದೆ. ನಾನು ಹೊರಗೆ ಹೋಗಲಾರೆ, ಅವನು ಒಳಗೆ ಬರಲಾರ. ಬಿಸಿಲು ಗೋಡೆಯಿಂದ ಇಳಿದು ಹೋಯಿತು.

ಆಗ ಕಾಕಾ ಕೈ ಎತ್ತಿ ಹುಣಸೆಯ ಒಂದು ಕಾಯಿ ಕಿತ್ತ. ಒಡೆದ. ಬೀಜ ತೆಗೆದು ಅಂಗಿಗೆ ಒರೆಸಿಕೊಳ್ಳುತ್ತ ಗೋಡೆ ಸುತ್ತಿ ಬಂದು ಹೊಸ್ತಿಲ ಮುಂದೆ ನಿಂತ. ಒಂದು ಕಾಲೆತ್ತಿದ, ಮತ್ತೆ ಕೆಳಗಿಟ್ಟ. ಕಾಕಾ ಕಣ್ಣು ಮುಚ್ಚಿ ದಾಟಿದ. ಒಳಗೆ ಬಂದವನು ಮೊದಲು ನನ್ನ ಬಳಿ ಬರಲಿಲ್ಲ. ಚೆಲ್ಲಾಪಿಲ್ಲಿಯಾಗಿದ್ದ ಪಾಟಿಗಳನ್ನೆಲ್ಲ ಗೋಡೆಯ ಬುಡಕ್ಕೆ ಸಾಲಾಗಿ ಜೋಡಿಸಿದ. ಕೊನೆಯದನ್ನು ಇಟ್ಟ ಮೇಲೆ ನನ್ನ ಹತ್ತಿರ ಬಂದು ಬೀಜವನ್ನು ಅಂಗೈಗೆ ಹಾಕಿದ. ಹುಳಿ ಇನ್ನೂ ಅಂಟಿಕೊಂಡಿತ್ತು. ನಾನು ಅದನ್ನು ಅವನಿಗೆ ತಿರುಗಿ ಕೊಟ್ಟೆ. "ಸಾಲಿ ಬಿಟ್ತು. ಹೋಗೂಣು," ಎಂದ. ಮಾಸ್ತರರು ಹತ್ತಿರ ಬಂದರು. "ಈರಪ್ಪ, ನಾಳಿಂದ ನೀನೂ ಒಳಗ ಬಂದು ಕುಂದ್ರೋ," ಎಂದರು. ಕಾಕಾ ನಡುವಿನ ಕಂಬವನ್ನು ನೋಡಿ, "ಅದು ಐತಿ," ಎಂದಷ್ಟೇ ಹೇಳಿ ನನ್ನನ್ನು ಕರೆದುಕೊಂಡು ಹೊರಟ. ಮತ್ತೆಂದೂ ಒಳಗೆ ಬರಲಿಲ್ಲ.

ಮಾಸ್ತರರು ನಮ್ಮ ಹಿಂದೆಯೇ ಮನೆಗೆ ಬಂದು, "ಗೌಡ್ರ, ಕೂಸಿನ್ನ ಬಿಡಸಬ್ಯಾಡ್ರಿ. ಕಲೀತೈತಿ. ಮುಂದ ಏನಂತ ಮೊದ್ಲ ತಿಳಿಬೇಕು ಅದಕ್ಕ," ಎಂದರು. ಆಯಿ ಚೌಕಾಬಾರದ ಬೀಜಗಳನ್ನೆಲ್ಲ ತಂದು ನನ್ನ ಮುಂದೆ ಸುರಿದಳು. "ತಗೋ ನಮ್ಮವ್ವ, ಎಲ್ಲಾ ನಿನ್ನವ. ಒಂದು ಬೀಜಕ್ಕ ಇಷ್ಟು ರಾಮಾಯಣ ಆಕ್ಕತೆಂತ ನನಗೇನ್ ಗೊತ್ತು?" ಎಲ್ಲರೂ ನಕ್ಕರು. ಪಡಸಾಲೆಯ ಮೂಲೆಯಲ್ಲಿ ಎರಡನೆಯ ಕಂಬಳಿ ಬೀಳಲಿಲ್ಲ.

ನಾನು ಕಲಿತೆ. ಹೈಸ್ಕೂಲಿಗೆ ನನ್ನನ್ನು ನವಲಗುಂದದ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಆ ಬೆಳಿಗ್ಗೆ ಅಪ್ಪ ಕಾಕಾನಿಗೆ, "ಇನ್ನ ಕೂಸು ಈ ಸಾಲಿಗೆ ಬರೂದಿಲ್ಲೋ," ಎಂದು ಬಾಯಲ್ಲಿ ಹೇಳಿದ. ಹೌದೆಂದು ಕಾಕಾ ತಲೆಯಾಡಿಸಿದ. ಮಧ್ಯಾಹ್ನ ಹೋಗಿ ಗಿಡದ ಬುಡಕ್ಕೆ ನಿಂತ. ಶಾಲೆ ಬಿಟ್ಟಿತು, ಮಕ್ಕಳು ಹೋದರು. ಕೈಗೆ ಬೀಜ ಬೀಳಲಿಲ್ಲ. ಕತ್ತಲಾದ ಮೇಲೆ ಅಪ್ಪ ಹೋಗಿ ರಟ್ಟೆ ಹಿಡಿದು ಕರೆತಂದ. ಮರುದಿನವೂ ಹಾಗೆಯೇ, ಮರುವರ್ಷವೂ ಹಾಗೆಯೇ. ರಜೆಗೆ ಬಂದಾಗ ಅವ್ವ ಇದನ್ನು ಹೇಳಿದಳು. ರಜೆಯ ದಿನಗಳಲ್ಲಿ ನಾನು ಸಂಜೆ ಹೋಗಿ ಬೀಜ ಕೊಡುತ್ತಿದ್ದೆ. ಅವನು ತಿರುಗಿ ಮನೆಗೆ ನಡೆಯುತ್ತಿದ್ದ. ರಜೆ ಮುಗಿಯುತ್ತಿತ್ತು. ನಾನು ಮ್ಯಾಟ್ರಿಕ್ ಪರೀಕ್ಷೆ ಬರೆಯುವಾಗ ಅವನು ಜ್ವರ ಬಂದು ತೀರಿಕೊಂಡ. ಪರೀಕ್ಷೆ ಕೆಡಬಾರದೆಂದು ನನಗೆ ಸುದ್ದಿ ಮುಟ್ಟಿಸಲಿಲ್ಲ. ನಾನು ಬಂದಾಗ ಗೂಟಕ್ಕೆ ಅವನ ಅಂಗಿ ಇತ್ತು, ಕಿಸೆ ಖಾಲಿ ಇತ್ತು.

ಆಮೇಲೆ ಅಂಚೆ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಊರೂರಿನ ಕಾಗದಗಳನ್ನು ಅವುಗಳ ಗೂಡಿಗೆ ಹಾಕುವ ಕೆಲಸ. ನನಗೆಂದೇ ಮಾಡಿಟ್ಟ ಹಾಗಿತ್ತು. ಆದರೆ ನಿವೃತ್ತಿಯ ದಿನದವರೆಗೂ ಶಾಲೆ ಬಿಡುವ ಹೊತ್ತಿಗೆ ಕೈ ನಿಲ್ಲುತ್ತಿತ್ತು, ಕಣ್ಣು ಕಿಟಕಿಗೆ ಹೋಗುತ್ತಿತ್ತು. ಹೊರಗೆ ಯಾರೋ ನಿಂತಿದ್ದಾರೆ. ಅವರಿಗೆ ಕೊಡಬೇಕಾದದ್ದು ನನ್ನ ಕೈಯಲ್ಲಿಲ್ಲ. ಕಳೆದ ವರ್ಷ ಸಿಂಚನಾಳ ತಪಾಸಣೆಗೆ ಹೋದಾಗ ಡಾಕ್ಟರಮ್ಮ ನನ್ನ ಉತ್ತರಗಳನ್ನು ಕೇಳಿ ಪೆನ್ನು ಕೆಳಗಿಟ್ಟು, "ಅಮ್ಮಾರ, ಇವ ಪ್ರಶ್ನೆ ನಿಮ್ಮ ಬಗ್ಗೆನೂ ಕೇಳ್ಲೇನ್ರಿ?" ಎಂದರು. ಕೇಳಿದರು. ನನಗೂ ಆಟಿಸಂ ಎಂಬ ಆ ಹೆಸರೇ ಬಂತು. ಇಷ್ಟು ವಯಸ್ಸಿಗೆ ಅದರಿಂದ ನನಗೆ ದುಃಖವೇನೂ ಆಗಲಿಲ್ಲ. ಮಳ್ಳ ಎಂದು ಕರೆಸಿಕೊಂಡೇ ಹೋದವನ ನೆನಪಾಯಿತು, ಅಷ್ಟೆ.

ಅಡುಗೆಮನೆಯ ನೆಲದ ಮೇಲೆ ಕಾಳುಗಳನ್ನು ಸಾಲಾಗಿ ಇಟ್ಟೆ. ಈಗಿನ ಶಾಲೆಗೆ ತಕ್ಕ ಹಾಗೆ ಬಸ್ಸಿಗೆ ತೊಗರಿ ಸೇರಿಸಿದೆ. ಹತ್ತಿಕಾಳು ಮನೆಯಲ್ಲಿರಲಿಲ್ಲ, ಊಟಕ್ಕೆ ಶೇಂಗಾ. ಸಿಂಚನಾ ಮೇಜಿನ ಕೆಳಗಿನಿಂದಲೇ ಒಂದೊಂದನ್ನೂ ಮುಟ್ಟಿ ನೋಡಿದಳು. ಕಾಳು ಸದ್ದು ಮಾಡುವುದಿಲ್ಲ. ಯಾವುದು ಯಾವುದಕ್ಕೆ, ಕೊನೆಯ ಹುಣಸೆ ಬೀಜ ನಾನು ಎಂದು ಹೇಳುತ್ತ ಎಲ್ಲವನ್ನೂ ಎರಡು ಕಿಸೆಯ ಚೀಲಕ್ಕೆ ತುಂಬಿದೆ. ಹೊರಗೆ ಬಂದಳು, ಚೀಲವನ್ನು ಕೈಗೆ ತೆಗೆದುಕೊಂಡಳು, ಬಸ್ಸು ಹತ್ತಿದಳು.

ಸಂಜೆ ನಾನೇ ಕರೆತರಲು ಹೋದೆ. ಗೇಟಿನ ಹೊರಗೆ ನಿಂತೆ. ಆ ಟೀಚರ್, "ಒಳಗ ಬರ್ರಿ ಅಮ್ಮಾರ, ಬಿಸಲಾಗ ಯಾಕ ನಿಂತೀರಿ?" ಎಂದರು. "ಇಲ್ಲೇ ಬರೋಬರಿ ಐತಿ," ಎಂದೆ. ಸಿಂಚನಾ ಬಂದು, ನನ್ನ ಮುಖ ನೋಡದೆ, ಬೆವರಿಗೆ ಬೆಚ್ಚಗಾದ ಹುಣಸೆ ಬೀಜವನ್ನು ನನ್ನ ಅಂಗೈಗೆ ಹಾಕಿದಳು.

ಮನೆಗೆ ಬಂದು ಮಗುವಿಗೆ ಉಣಿಸಿದ ಮೇಲೆ ನಾಳೆಯ ಕಾಳುಗಳನ್ನು ಚೀಲಕ್ಕೆ ತುಂಬಿದೆ. ಹುಣಸೆ ಬೀಜಕ್ಕೆಂದು ಡಬ್ಬಿಗೆ ಕೈ ಹಾಕಿದರೆ ಎರಡು ಬಂದವು. ಎರಡನೆಯದನ್ನು ಚೀಲಕ್ಕೆ ಹಾಕುವ ಹಾಗಿಲ್ಲ, ಮಗುವಿನ ಕ್ರಮ ಕೆಡುತ್ತದೆ. ಅದನ್ನು ಹಿಡಿದು ಮುಂಬಾಗಿಲಿಗೆ ಬಂದೆ. ಕಾಂಪೌಂಡಿನ ಗೋಡೆಯಾಚೆ, ರಸ್ತೆಯಲ್ಲಿ, ಯಾರೂ ಇರಲಿಲ್ಲ. ಬೀಜವನ್ನು ಗೋಡೆಯ ಮೇಲಿಟ್ಟು, "ಕಾಕಾ, ಸಾಲಿ ಬಿಟ್ತು. ಹೋಗೂಣು," ಎಂದೆ. ಒಳಗೆ ಬಂದು ಚೀಲವನ್ನು ಗೂಟಕ್ಕೆ ತೂಗಿಟ್ಟೆ, ಜೋಳದ ಡಬ್ಬಿಯ ಮುಚ್ಚಳ ಹಾಕಿದೆ.