ಬಿಸಿನೀರಿಗೆ ಬಿದ್ದ ಎರಡು ನಳಿಕೆ

ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಸೇರಿಸಿದ ಮೇಲೆ ಸೊಸೆ ಒಂದೇ ರಾಗ ಹಿಡಿದಳು: ಈ ನೀರು ಸರಿಯಿಲ್ಲ, ನನಗೆ ಐದು ತಿಂಗಳು, ಈಗಲೇ ಬೆಂಗಳೂರಿಗೆ ಅಮ್ಮನ ಮನೆಗೆ ಹೋಗುತ್ತೇನೆ. ನನಗೆ ಅನುಮಾನ. ನೀರೊಂದು ನೆಪ, ಹೋದರೆ ಮಗು ಹುಟ್ಟಿ ವರ್ಷವಾದರೂ ಇವಳು ಇತ್ತ ತಲೆ ಹಾಕುವುದಿಲ್ಲ ಎಂದುಕೊಂಡೆ. ಮೊದಲ ಮೊಮ್ಮಗು. ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

"ಕುದಿಸಿ ಕೊಟ್ರ ಸಾಲೂದಿಲ್ಲೇನ?" ಎಂದು ಮಗಳನ್ನು ಕೇಳಿದೆ. ಅವಳು ಮಹಾಪೆಯ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ.

"ಸೀಸ ಇದ್ರ ಕುದಿಸಿದ್ರ ಹೋಗೂದಿಲ್ಲ ಅವ್ವಾ. ಚೆಕ್ ಮಾಡೂಣು."

ಮರುದಿನವೇ ಬೆರಳುದ್ದದ ಎರಡು ಗಾಜಿನ ನಳಿಕೆ ತಂದಳು. ಒಳಗೆ ಜೀವಂತ ಬ್ಯಾಕ್ಟೀರಿಯಾ. ಲ್ಯಾಬಿನಲ್ಲಿ ಇವುಗಳ ಗುಣವನ್ನೇ ತಿದ್ದಿದ್ದಾರಂತೆ, ನೀರಿನಲ್ಲಿ ಸೀಸವಿದ್ದರೆ ಕೆಂಪಾಗುತ್ತವಂತೆ. ಫ್ಯಾಕ್ಟರಿ ನೀರು, ಹೊಲದ ಬಾವಿ, ಎಲ್ಲವನ್ನೂ ಹೀಗೇ ನೋಡುತ್ತಾರಂತೆ. ಒಂದಕ್ಕೆ ಟ್ಯಾಂಕಿನ ನೀರು ಹಾಕಿದಳು. ಇನ್ನೊಂದಕ್ಕೆ ಸೀಸ ಬೆರೆಸಿದ ನೀರು. ಅದು ಕೆಂಪಾಗಲೇಬೇಕು, ಹಾಗಾದರೆ ಮಾತ್ರ ಒಳಗಿನ ಹುಳ ಬದುಕಿವೆ ಎಂದು ಅರ್ಥ. ಎರಡನ್ನೂ ಬಿಗಿಯಾಗಿ ಮುಚ್ಚಿ ಅಡುಗೆಕಟ್ಟೆಯ ಮೇಲಿಟ್ಟಳು.

"ಬಸರಿ ಹೆಂಗಸು ಇರೋ ಮನ್ಯಾಗ ಹುಳಾ ತಂದಿಡ್ತಿ?" ಎಂದೆ.

"ಟೆನ್ಶನ್ ತಗೋಬ್ಯಾಡ. ಏನೂ ಮಾಡೂದಿಲ್ಲ ಅವು."

ಏನೂ ಮಾಡದ ಹುಳಕ್ಕೆ ಅಷ್ಟು ಬಿಗಿ ಮುಚ್ಚಳ ಯಾಕೆ? ನನ್ನ ಕಿವಿಗೆ ಹೂ ಇಡುತ್ತಿದ್ದಾಳೆ ಅನ್ನಿಸಿತು. ಲೋಕಲ್ ರೈಲಿನಲ್ಲಿ ಹೋಗಿ ಬಂದ ಡಬ್ಬಿ, ಬಾಟಲಿ, ಚಮಚ ಯಾವುದನ್ನೂ ಕುದಿಯುವ ನೀರು ಸುರಿಯದೆ ಒಳಗೆ ಬಿಡುವವಳಲ್ಲ ನಾನು. ಮಧ್ಯಾಹ್ನ ಸೊಸೆ ಮಲಗಿದಾಗ ಎರಡೂ ನಳಿಕೆಗಳನ್ನು ಕುದಿಯುವ ನೀರಿಗೆ ಬಿಟ್ಟು, ತೆಗೆದು ಒರೆಸಿ, ಇದ್ದಲ್ಲೇ ಇಟ್ಟೆ.

ಮರುದಿನ ಸಂಜೆ ಎರಡರ ಬಣ್ಣವೂ ತಿರುಗಿರಲಿಲ್ಲ. ಮಗಳು ಮುಖ ಗಂಟಿಕ್ಕಿದಳು. "ಈ ಸೀಸದ್ದರೆ ಕೆಂಪ ಆಗಬೇಕಿತ್ತು. ಹುಳಾ ಯಾರೋ ಕೊಂದಾರ," ಎಂದು ಅತ್ತಿಗೆಯತ್ತ ತಿರುಗಿದಳು. "ವೈನಿ, ನೀರು ಚಲೋ ಅಂತ ಬಂದ್ರ ಊರಿಗೆ ಹೋಗಾಕ ಆಗೂದಿಲ್ಲ ಅಂತ ನೀವೇನರೆ ಮಾಡಿದ್ರೇನು?"

ಸೊಸೆ ನನ್ನ ಕಡೆ ನೋಡಿದಳು. ನಾನು ಚಹಾ ಸೋಸುತ್ತಿದ್ದೆ. ಸೋಸಿದ್ದನ್ನೇ ಇನ್ನೊಮ್ಮೆ ಸೋಸಿದೆ. ಬೇರೆ ನಳಿಕೆ ತರುತ್ತೇನೆಂದು ಮಗಳು ದುಮುಗುಡುತ್ತ ಹೋದಳು.

ನಾವಿಬ್ಬರೇ ಉಳಿದ ಮೇಲೆ ಸೊಸೆಗೆ ಕುದಿಸಿ ಆರಿಸಿದ ನೀರು ಕೊಟ್ಟೆ. ಅವಳು ಲೋಟ ಮುಟ್ಟಲಿಲ್ಲ.

"ನಿನ್ನೆ ನಾನು ಎದ್ದಿದ್ದೆ ಅತ್ತೆ. ನೀವು ಅದನ್ನ ಬಿಸಿನೀರಿಗೆ ಹಾಕಿದ್ದು ನೋಡಿದೆ. ನೀರು ಕೆಟ್ಟದ್ದು ಅಂತ ಗೊತ್ತಾದ್ರೆ ನಾನು ಹೊರಟುಬಿಡ್ತೀನಿ ಅಂತ ತಾನೇ?"

"ಇಲ್ಲವ್ವಾ, ಹುಳಕ್ಕ ಅಂಜಿ ಮಾಡೀನಿ," ಎಂದೆ. ಅದು ನಿಜವೇ ಆಗಿತ್ತು.

ಅವಳು ಎದ್ದು ಹೋಗಿ ಕಪಾಟಿನ ಮೇಲಿಂದ ಬ್ಯಾಗು ಇಳಿಸಿದಳು. ನನ್ನ ಮಾತು ನಂಬಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ, ನಾನೂ ನಂಬುತ್ತಿರಲಿಲ್ಲ.