ನೋಡದೆ ಹೋಲಿಸಿದ ಚಿತ್ರಗಳು

ಜಯನಗರದ ಒಂದು ಸಣ್ಣ ಗ್ಯಾಲರಿಯಲ್ಲಿ ಕನಸಿನಂಥ ಲೋಕ ಬಿಡಿಸುವ ಇಬ್ಬರು ಸರ್ರಿಯಲಿಸ್ಟ್ ಕಲಾವಿದರ ಚಿತ್ರಗಳನ್ನು ಒಟ್ಟಿಗೆ ಒಂದು ತಿಂಗಳು ಇಟ್ಟಿದ್ದರು. ಇಬ್ಬರನ್ನೂ ಹೋಲಿಸಿ ಬರೆದುಕೊಡಿ ಎಂದು ಮಾಸಪತ್ರಿಕೆಯೊಂದರ ಸಂಪಾದಕರು ಕೇಳಿದರು. ಕಾಲೇಜಿನಲ್ಲಿ ಮೂವತ್ತು ವರ್ಷ ಕಲೆಯ ಇತಿಹಾಸ ಪಾಠ ಹೇಳಿದವಳು ನಾನು, ಒಪ್ಪಿಕೊಂಡೆ. ಜೆ.ಪಿ. ನಗರದ ನನ್ನ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ಆದರೂ ಹೋಗಲಿಲ್ಲ. ಮೊಣಕಾಲು ನೋವಿತ್ತು, ಅದು ನಿಜ. ಅದೇ ವಾರ ಬನಶಂಕರಿಯಲ್ಲಿ ಮದುವೆ ಊಟ ಮಾಡಿ ಬಂದಿದ್ದೆ, ಅದೂ ನಿಜ.

ಸಂಪಾದಕರು ಕಳಿಸಿದ ಫೋಟೋಗಳನ್ನು ಫೋನಿನಲ್ಲೇ ನೋಡಿ ಬರೆದೆ.

ಒಬ್ಬರು ಹೆಸರಾದ ಹಿರಿಯರು. ನೀರಿಲ್ಲದ ಕೆರೆಯ ಮೇಲೆ ಕುರ್ಚಿಗಳು ತೇಲುವ ಅವರ ಚಿತ್ರಗಳು ನನಗೆ ಮೊದಲೇ ಗೊತ್ತಿದ್ದವು. ಇನ್ನೊಬ್ಬರು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಗಸು. ಅವರಿಗೆ ಇದು ಮೊದಲ ಪ್ರದರ್ಶನ. ಅವರ ದೊಡ್ಡ ಚಿತ್ರದಲ್ಲಿ ಬೂದು ಆಕಾಶದ ತುಂಬ ಬಿಳಿ ಹಕ್ಕಿಗಳು ತೇಲುತ್ತಿದ್ದಂತೆ ಕಂಡಿತು. ಈಕೆ ಹಿರಿಯರ ಕಣ್ಣನ್ನು ಎರವಲು ಪಡೆದು ಕನಸು ಕಾಣುತ್ತಾರೆ ಎಂದು ಬರೆದೆ. ವಾಕ್ಯ ಚೆನ್ನಾಗಿ ಬಂತೆಂದು ಎರಡು ಸಲ ಓದಿಕೊಂಡೆ.

ಪತ್ರಿಕೆ ಬಂದ ಮೇಲೆ, ಪ್ರದರ್ಶನದ ಕೊನೆಯ ದಿನ, ಸೀರೆಗೆ ಫಾಲ್ಸ್ ಹಾಕಿಸಲು ಜಯನಗರಕ್ಕೆ ಹೋಗಿದ್ದವಳು ಗ್ಯಾಲರಿಯೊಳಗೂ ಹೊಕ್ಕೆ. ಆ ಚಿತ್ರ ನನ್ನಷ್ಟೇ ಎತ್ತರವಿತ್ತು. ನಾನು ಹಕ್ಕಿ ಅಂದುಕೊಂಡದ್ದೆಲ್ಲ ಶರ್ಟಿನ ಕಾಲರುಗಳು. ಒಂದೊಂದೂ ಒಳಗೆ ಕತ್ತು ಇದ್ದಂತೆ ಉಬ್ಬಿತ್ತು. ಕತ್ತು ಮಾತ್ರ ಇರಲಿಲ್ಲ. ಪ್ರತಿ ಕಾಲರಿನಿಂದ ದಾರದ ಎಳೆಯೊಂದು ಇಳಿದಿತ್ತು, ತುದಿಯಲ್ಲಿ ಒಂದು ಬೆರಳು. ಹಿರಿಯರ ಕುರ್ಚಿಗಳಲ್ಲಿ ಯಾರೂ ಎಂದೂ ಕೂತಂತಿರಲಿಲ್ಲ. ಈ ಕಾಲರುಗಳನ್ನು ಯಾರೋ ದಿನವಿಡೀ ಕೂತು ಹೊಲಿದಿದ್ದರು. ಇಷ್ಟು ತಿಳಿಯಲು ಎದುರಿಗೆ ನಿಂತಿದ್ದರೆ ಸಾಕಿತ್ತು.

ಮೂಲೆಯಲ್ಲಿ ಒಬ್ಬರು ಚಿಕ್ಕ ಚಿತ್ರಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತುತ್ತಿದ್ದರು. ಕಾಲರುಗಳನ್ನು ಬರೆದವರು ಅವರೇ ಇರಬೇಕೆಂದುಕೊಂಡು ನನ್ನ ಪರಿಚಯ ಹೇಳಿದೆ.

"ನೀವೇನಾ ಮೇಡಂ!" ಎಂದು ಎದ್ದರು. "ಓದ್ದೆ. ಆ ಸಾರ್ ಚಿತ್ರ ನಾನು ಇಲ್ಲಿಗ್ ಬಂದ್ಮೇಲೇ ನೋಡಿದ್ದು. ಆದ್ರೂ ಓದಿರೋರು ಬರ್ದಿದೀರ ಅಂದ್ರೆ ಇರುತ್ತೆ, ಬಿಡಿ."

"ಇಲ್ಲಮ್ಮ, ನಾನು ನಿಮ್ಮ ಚಿತ್ರ ನೋಡ್ದೇನೇ ಬರ್ದೆ."

"ನೋಡ್ದೆ ಹೆಂಗ್ ಬರೀತಾರೆ ಮೇಡಂ?"

ವ್ಯಂಗ್ಯವಿರಲಿಲ್ಲ, ತಿಳಿಯದೆ ಕೇಳಿದ್ದು. ಫೋಟೋ ನೋಡಿ ಬರೆದೆ ಎಂದೆ. ಅವರು ಬೆಡ್‌ಶೀಟಿನ ಗಂಟು ಬಿಗಿಯುತ್ತಾ, "ಒಂದ್ ಫೋನ್ ಮಾಡಿದ್ರೆ ನಾನೇ ಬಂದು ಕರ್ಕೊಂಡ್ ಬರ್ತಿದ್ದೆ" ಎಂದರು. ಕ್ಷಮಿಸಿ ಎನ್ನದೆಯೇ ವಿಳಾಸ ಕೇಳಿಕೊಂಡು ಹೊರಟುಬಿಟ್ಟೆ.

ಅಂದೇ ಸಂಪಾದಕರಿಗೆ ಫೋನ್ ಮಾಡಿ, ತಪ್ಪಾಗಿದೆ, ತಿದ್ದಿ ಬರೆಯುತ್ತೇನೆ ಎಂದೆ. "ಬಿಡಿ ಮೇಡಂ, ಯಾರಿಗ್ ನೆನಪಿರುತ್ತೆ?" ಎಂದರು. ಹಠ ಹಿಡಿದೆ. ನೋಡದೆ ಬರೆದೆನೆಂದು ಒಪ್ಪಿಕೊಂಡು, ಇಬ್ಬರನ್ನೂ ಹೊಸದಾಗಿ ಹೋಲಿಸಿದ ಲೇಖನ ಮುಂದಿನ ಸಂಚಿಕೆಯಲ್ಲಿ ಬಂತು.

ಒಂದು ಪ್ರತಿ ಹಿಡಿದು ಬೊಮ್ಮನಹಳ್ಳಿಗೆ ಹೋದೆ. ಆ ದೊಡ್ಡ ಚಿತ್ರ ಗೋಡೆಗೆ ಒರಗಿತ್ತು. ಕಾಲರುಗಳೂ ಮುಚ್ಚುವಂತೆ ಅರ್ಧ ಆಕಾಶಕ್ಕೆ ಬಿಳಿ ಬಣ್ಣ ಬಳಿದಿದ್ದರು.

"ಯಾಕಮ್ಮ ಹೀಗ್ ಮಾಡಿದ್ರಿ?"

"ನೀವು ನೋಡ್ದೇ ಬರ್ದೆ ಅಂದ್ಮೇಲೂ, ಇದನ್ನ ನೋಡ್ದಾಗೆಲ್ಲ ಆ ಸಾರ್ ಕುರ್ಚಿಗಳೇ ಕಾಣ್ತಿದ್ವು ಮೇಡಂ."

ಲೇಖನವನ್ನು ನಿಂತುಕೊಂಡೇ ಓದಿದರು. ಚೆನ್ನಾಗಿ ಬರ್ದಿದೀರ ಎಂದು ಪತ್ರಿಕೆ ಮಡಚಿಟ್ಟು, ಕಾಫಿಗೆ ಹಾಲಿಡಲು ಒಳಗೆ ಹೋದರು. ನಾನು ಆ ಬಿಳಿಯ ಮೇಲೆ ಬೆರಳಿಟ್ಟು ನೋಡಿದೆ. ಪೂರಾ ಒಣಗಿಹೋಗಿತ್ತು.